ಅಪ್‌ಡೇಟ್: ಹಗ್ಗ ಕಟ್ಟಿ ಎಳೆದ ಪೆಟ್ಟಿಗೆಯ ಲೆಕ್ಕ ಕೊನೆಗೂ ಬಂತು

ಹೋದ ವಾರ ಒಂದು ಲೆಕ್ಕ ಕೇಳಿದ್ದೆ. ನೆಲದ ಮೇಲೆ 10 ಕೆಜಿ ಪೆಟ್ಟಿಗೆ. ಹಗ್ಗ ಕಟ್ಟಿ 50 ನ್ಯೂಟನ್ ಬಲದಿಂದ ಎಳೆಯುತ್ತಾರೆ. ಹಗ್ಗ ನೆಲದಿಂದ 37 ಡಿಗ್ರಿ ಮೇಲಕ್ಕಿದೆ. ಜಾರುವಾಗಿನ ಘರ್ಷಣಾಂಕ (ನೆಲ ಮೇಲಕ್ಕೆ ಒತ್ತುವ ಬಲದ ಎಷ್ಟು ಪಾಲು ಘರ್ಷಣೆಯಾಗುತ್ತದೆ ಎಂಬ ಸಂಖ್ಯೆ) 0.3. ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ವೇಗ ಹೆಚ್ಚುವ ಪ್ರಮಾಣ, ಎಷ್ಟು? ನನಗೆ ಪ್ರತಿಸಲ 1 ಮೀ/ಸೆ² ಬರುತ್ತಿತ್ತು. ಪುಸ್ತಕದ ಉತ್ತರ 1.9.

ನೀವು ಹೇಳಿದ ಹಾಗೆ ಮೊದಲು ಚಿತ್ರ ಬರೆದು, ಎಲ್ಲ ಬಲಗಳಿಗೂ ಬಾಣ ಹಾಕಿದೆ. ತಪ್ಪು ಅಲ್ಲೇ ಕಾಣಿಸಿತು. ನೆಲ ಮೇಲಕ್ಕೆ ಒತ್ತುವ ಬಲ ಯಾವಾಗಲೂ ತೂಕದಷ್ಟೇ ಎಂದುಕೊಂಡಿದ್ದೆ. ಆದರೆ ಹಗ್ಗವೂ ಪೆಟ್ಟಿಗೆಯನ್ನು ಸ್ವಲ್ಪ ಎತ್ತುತ್ತಿದೆ, ಅಲ್ವಾ? 50 ನ್ಯೂಟನ್ ಬಲವನ್ನು ಬಿಡಿಸಿದರೆ ಮುಂದಕ್ಕೆ 40, ಮೇಲಕ್ಕೆ 30. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ತೂಕ 100. ಹಾಗಾಗಿ ನೆಲ ಒತ್ತಬೇಕಾದದ್ದು 70 ಮಾತ್ರ. ಘರ್ಷಣೆ 100ರ 0.3 ಪಾಲು, ಅಂದರೆ 30 ಅಲ್ಲ; 70ರ 0.3 ಪಾಲು, ಅಂದರೆ 21. ಮುಂದಕ್ಕಿರುವ 40ರಲ್ಲಿ ಅದನ್ನು ಕಳೆದು ಉಳಿದ 19 ನ್ಯೂಟನ್ 10 ಕೆಜಿಯನ್ನು ಎಳೆಯುತ್ತದೆ. 1.9 ಬಂತು! ಎಷ್ಟು ಖುಷಿಯಾಯಿತು ಎಂದರೆ ಇನ್ನೊಮ್ಮೆ ಮೊದಲಿನಿಂದ ಮಾಡಿ ನೋಡಿದೆ.

ಇನ್ನೊಂದು ಗೊಂದಲವೂ ಹೋಯಿತು. ಅದೇ ಪೆಟ್ಟಿಗೆಯನ್ನು ನೆಲಕ್ಕೆ ಸಮಾಂತರವಾಗಿ 15 ನ್ಯೂಟನ್‌ನಿಂದ ಎಳೆದರೆ? ನಿಂತಿರುವಾಗಿನ ಘರ್ಷಣಾಂಕ 0.4. ನಾನು ಸುಮ್ನೆ 15ರಲ್ಲಿ 40 (ತೂಕ 100ರ 0.4 ಪಾಲು) ಕಳೆದು, ಪೆಟ್ಟಿಗೆಯನ್ನೇ ಹಿಂದಕ್ಕೆ ಓಡಿಸುತ್ತಿದ್ದೆ. ಆ 40 ಘರ್ಷಣೆಯ ಗರಿಷ್ಠ ಮಿತಿ ಅಷ್ಟೇ. 15ರಿಂದ ಎಳೆದರೆ ಅದು 15ರಷ್ಟೇ ತಡೆಯುತ್ತದೆ, ಪೆಟ್ಟಿಗೆ ಕದಲುವುದಿಲ್ಲ. ಹಾಗಾಗಿ ಈಗ ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಚಲಿಸುತ್ತದಾ, ಇಲ್ವಾ?

ತಾಳ್ಮೆಯಿಂದ ಬಿಡಿಸಿ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆಯಿಂದ ಇಳಿಜಾರಿನ ಲೆಕ್ಕಗಳು.