ಒಂಟಿ ಮಗುನಾ, ಒಬ್ಬಂಟಿ ಮಗುನಾ?

ಎಲ್ರಿಗೂ ನಮಸ್ಕಾರ. ಒಂದು ಕಾದಂಬರಿ ಬರೀತಿದೀನಿ, ಮೂರು ದಿನದಿಂದ ಒಂದೇ ಪದದ ಹತ್ರ ಕೂತ್ಬಿಟ್ಟಿದೀನಿ. ಅಮ್ಮ ಸತ್ತ ಮೇಲೆ ಮಗು ಅಳೋದಿಲ್ಲ, ಯಾರ ಹತ್ರಾನೂ ಮಾತಾಡಲ್ಲ, ಆಮೇಲೆ ಮನೇಲಿರೋ ಬೀರು, ಕುರ್ಚಿ, ಗಡಿಯಾರ ಎಲ್ಲ ಅದ್ರ ಜೊತೆ ಮಾತಿಗೆ ಶುರು ಹಚ್ಕೋತವೆ. ಹಿಂಗಿರೋದಕ್ಕೆ ಅತಿವಾಸ್ತವ ಅಂತಾರೆ, ಆ ಪದದ ಬಗ್ಗೆ ನಂಗೆ ತಕರಾರಿಲ್ಲ. ಕವಿ ಅಪೊಲಿನೇರ್ 1917ರಲ್ಲಿ ಹುಟ್ಸಿದ ‘ಸುರ್ರಿಯಲಿಸ್ಮ್’ (ಇಂಗ್ಲಿಷಲ್ಲಿ ಸರ್ರಿಯಲಿಸಂ) ಅನ್ನೋ ಫ್ರೆಂಚ್ ಪದದಲ್ಲಿರೋ ‘ಸುರ್’ಗೆ ಮೇಲೆ, ಆಚೆ ಅಂತ ಅರ್ಥ, ನಮ್ಮ ಅತೀಂದ್ರಿಯದ ‘ಅತಿ’ನೂ ಅದೇ ಕೆಲಸ ಮಾಡುತ್ತಲ್ವಾ. ದುಃಖಕ್ಕೂ ಪದ ಸಿಕ್ತು: ಶೋಕ ತೀರಾ ಪುಸ್ತಕದ್ದು, ಅಳಲು ಅಂದ್ರೆ ಅಳು ಕೇಳ್ಸುತ್ತೆ, ಅಳದೇ ಒಳಗೊಳಗೇ ಸೊರಗೋ ಮಗುಗೆ ಕೊರಗು ಅನ್ನೋದೇ ಸರಿ.

ಸಿಕ್ಕಾಕೊಂಡಿರೋದು ಒಂಟಿ, ಒಬ್ಬಂಟಿ ಮಧ್ಯೆ. ಒಬ್ಬಂಟಿ ಅಂದ್ರೆ ಕಿವಿಗೆ ‘ಒಬ್ಬ’ ಕೇಳ್ಸುತ್ತೆ, ಅದು ಮನುಷ್ಯರಿಗೆ. ಒಬ್ಬಂಟಿ ಮರ ಅಂತ ಯಾರೂ ಅನ್ನಲ್ಲ, ಒಂಟಿ ಮರ, ಒಂಟಿ ಸಲಗ. ಒಂಟಿ ಚಪ್ಪಲಿ ಅಂದ್ರಂತೂ ಜೋಡಿ ಕಳ್ಕೊಂಡಿದ್ದು ಅಂತ ಕೇಳ್ದೋರ್ಗೆ ಗೊತ್ತಾಗ್ಬಿಡುತ್ತೆ, ಅದಕ್ಕೇ ನನ್ನ ಮನಸ್ಸು ಆ ಕಡೆ ವಾಲ್ತಿದೆ.

ಇಲ್ಲಿ ಇನ್ನೊಂದು ತಮಾಷೆ ನೋಡಿ. ಮಗು ನಪುಂಸಕಲಿಂಗ, ‘ಮಗು ಬಂತು’. ಅದೇ ಇನ್ನೊಂದು ಜೊತೆಗಿದ್ರೆ ‘ಮಕ್ಕಳು ಬಂದ್ರು’! ಒಂದು ಮಗು, ಇಬ್ಬರು ಮಕ್ಕಳು (ಎರಡು ಮಕ್ಕಳು ಅನ್ನೋರೂ ಇದಾರೆ, ಇರ್ಲಿ). ಅಂದ್ರೆ ಒಂದೇ ಇರೋ ತನಕ ಕುರ್ಚಿ ಸಾಲಲ್ಲೇ ಕೂತಿರುತ್ತೆ, ಜೊತೆ ಸಿಕ್ಕಿದ ಮೇಲೇ ವ್ಯಾಕರಣದಲ್ಲಿ ಮನುಷ್ಯರಾಗೋದು. ನನ್ನ ಡ್ರಾಫ್ಟಲ್ಲಿ ‘ಅದು ಅದನ್ನೇ ನೋಡ್ತಾ ಕೂತ್ಕೊಳ್ತು’ ಅಂತ ಒಂದು ಸಾಲಿದೆ, ಓದಿದ ಫ್ರೆಂಡು ಮಗು ಕುರ್ಚಿನ ನೋಡ್ತಾ, ಕುರ್ಚಿ ಮಗುನ ನೋಡ್ತಾ, ತಿಳೀಲಿಲ್ಲ, ‘ಅವಳು’ ಅಂತ ಮಾಡು ಅಂದ. ನಾನು ಮಾಡಲ್ಲ. ಆ ಗೊಂದಲ ನಂಗೆ ಬೇಕು, ‘ಅವಳು’ ಅಂತ ಕೊನೇ ಅಧ್ಯಾಯದಲ್ಲಿ ಯಾರೋ ಒಬ್ರು ಮೊದಲ್ನೇ ಸಲ ಅನ್ಬೇಕು ಅಂತಿದೆ.

ಹಂಗಾಗಿ ಎರಡು ಪ್ರಶ್ನೆ. ‘ಒಬ್ಬಂಟಿ ಮಗು’ ಅಂದ್ರೆ ನಿಮ್ ಕಿವಿಗೆ ಒರಟಾಗುತ್ತಾ? ಮತ್ತೆ ನಿಮ್ ಆಡುಮಾತಲ್ಲಿ ಮಗು ಯಾವ ವಯಸ್ಸಿಗೆ ‘ಅದು’ ಹೋಗಿ ‘ಅವನು’, ‘ಅವಳು’ ಆಗುತ್ತೆ? ನನ್ನ ಕಥೇದಕ್ಕೆ ಏಳು ವರ್ಷ, ಅಷ್ಟು ದೊಡ್ಡೋಳನ್ನ ‘ಅದು’ ಅಂದ್ರೆ ಮುದ್ದು ಅನ್ಸುತ್ತಾ, ತಾತ್ಸಾರ ಅನ್ಸುತ್ತಾ?