ಮಕ್ಕಳಿಗೆ ‘ಹಕ್ ಫಿನ್’ ಸಿನಿಮಾ ತೋರಿಸೋದಾದ್ರೆ: ಮೊದಲು ಏನು ಹೇಳ್ಬೇಕು, ಎಲ್ಲಿ ನಿಲ್ಲಿಸ್ಬೇಕು?

ಪ್ರಶ್ನೆ (ಮೈಸೂರಿನಿಂದ)

ಮಗ ಏಳನೇ ಕ್ಲಾಸು, ಮಗಳಿಗೆ ಒಂಬತ್ತು ವರ್ಷ. ರಜೆಯಲ್ಲಿ 1993ರ ಡಿಸ್ನಿ ಸಿನಿಮಾ ‘ದಿ ಅಡ್ವೆಂಚರ್ಸ್ ಆಫ್ ಹಕ್ ಫಿನ್’ ತೋರಿಸೋಣ ಅಂತಿದ್ದೀನಿ. ಶಾಲೆ ಶುರುವಾದ ಮೇಲೆ ಮಗ ಮಾರ್ಕ್ ಟ್ವೇನ್ ಕಾದಂಬರಿಯ ಮೇಲೆ ಒಂದು ಪ್ರಾಜೆಕ್ಟ್ ಮಾಡ್ಬೇಕು. ಚಿಕ್ಕವಳು ನೋಡಬಹುದಾ? ಗುಲಾಮಗಿರಿ ಬಗ್ಗೆ ಮೊದಲೇ ಎಷ್ಟು ಹೇಳಿರಬೇಕು? ಸಿನಿಮಾ ನೋಡಿದ್ರೆ ಕಾದಂಬರಿ ಗೊತ್ತಾದ ಹಾಗಾಗುತ್ತಾ? ತಿಳಿದವರು ವಿವರವಾಗಿ ಹೇಳಿ, ಪ್ಲೀಸ್.

ಬೆಂಗಳೂರು, ಹಳೇ ಸಿನಿಮಾಗಳ ಹುಚ್ಚಿನವರು

ಮೊದಲು ಸರಿಯಾದ ಸಿನಿಮಾನೇ ಹುಡುಕಿಕೊಳ್ಳಿ ಮೇಡಂ. ಇದೇ ಕತೆ 1939, 1960, 1974ರಲ್ಲೂ ಸಿನಿಮಾ ಆಗಿದೆ. 1974ರದ್ದರಲ್ಲಂತೂ ತುಂಬಾ ಹಾಡುಗಳು. ಜನ ಹೆಚ್ಚಾಗಿ ಎಡವೋದು 1995ರ ‘ಟಾಮ್ ಅಂಡ್ ಹಕ್’ ಹತ್ರ. ಅದೂ ಡಿಸ್ನಿಯದ್ದೇ, ಆದರೆ ಅದು ಹಕ್‌ನ ಗೆಳೆಯ ಟಾಮ್ ಸಾಯರ್ ಕತೆ. ಗುಲಾಮ ಜಿಮ್, ಹಕ್ ಅನ್ನೋ ಹುಡುಗನ ಜೊತೆ ತೆಪ್ಪದಲ್ಲಿ ಮಿಸಿಸಿಪ್ಪಿ ನದಿ ಹಿಡಿದು ತಪ್ಪಿಸಿಕೊಂಡು ಹೋಗೋ ಕತೆ ಅದರಲ್ಲಿಲ್ಲ. ನಿಮಗೆ ಬೇಕಾದ್ದು ಸ್ಟೀಫನ್ ಸಾಮರ್ಸ್ ನಿರ್ದೇಶನದ್ದು. ಹಕ್ ಆಗಿ ಎಲೈಜಾ ವುಡ್, ಜಿಮ್ ಆಗಿ ಕೋರ್ಟ್ನಿ ಬಿ. ವ್ಯಾನ್ಸ್. ಮೋಸಗಾರ ‘ಡ್ಯೂಕ್’ ಪಾತ್ರದಲ್ಲಿ ರಾಬಿ ಕೋಲ್ಟ್ರೇನ್ ಇದ್ದಾರೆ. ಹ್ಯಾರಿ ಪಾಟರ್ ನೋಡಿದ ಮಕ್ಕಳು ‘ಹ್ಯಾಗ್ರಿಡ್!’ ಅಂತ ಕೂಗ್ತಾರೆ, ರೆಡಿಯಾಗಿರಿ.

ಅವಧಿ ಸುಮಾರು 1 ಗಂಟೆ 48 ನಿಮಿಷ. ಅಮೆರಿಕದಲ್ಲಿ ಸಿಕ್ಕಿರೋದು ಪಿಜಿ ಸರ್ಟಿಫಿಕೇಟ್, ಅಂದ್ರೆ ದೊಡ್ಡವರು ಪಕ್ಕದಲ್ಲಿದ್ರೆ ಒಳ್ಳೇದು. ಒಂಬತ್ತರ ಮಗು ನೋಡಬಹುದು, ಆದ್ರೆ ನಾಲ್ಕು ಕಡೆ ನೀವು ಪಕ್ಕದಲ್ಲೇ ಇರಿ. ಶುರುವಿನಲ್ಲೇ ಹಕ್‌ನ ಅಪ್ಪ ಕುಡಿದು ಚಾಕು ಹಿಡಿದು ಅಟ್ಟಿಸಿಕೊಂಡು ಬರ್ತಾನೆ. ಈ ಪಾತ್ರ ರಾನ್ ಪರ್ಲ್‌ಮನ್‌ದು, ನಿಜವಾಗಲೂ ಭಯ ಆಗುತ್ತೆ. ಗ್ರ್ಯಾಂಜರ್‌ಫರ್ಡ್ ಮನೆತನದ ತೋಟದಲ್ಲಿ ಜಿಮ್‌ಗೆ ಚಾಟಿಯೇಟು ಬೀಳುತ್ತೆ. ಅದಾದ ಮೇಲೆ ಎರಡು ಮನೆತನಗಳ ಗುಂಡಿನ ಕಾಳಗ. ಕೊನೆಯಲ್ಲಿ ಹಕ್‌ಗೆ ಗುಂಡು ತಗಲುತ್ತೆ, ಜನ ಜಿಮ್‌ನ ನೇಣಿಗೇರಿಸಲು ಹೊರಡ್ತಾರೆ. ಚಿಕ್ಕವಳಿಗೆ ‘ಹಕ್ ಸಾಯಲ್ಲ, ಜಿಮ್ ಸಾಯಲ್ಲ’ ಅಂತ ಮೊದಲೇ ಹೇಳಿಬಿಡಿ. ಸಸ್ಪೆನ್ಸ್ ಹೋಗುತ್ತೆ, ಹೋಗಲಿ. ಭಯದಲ್ಲಿ ಕಣ್ಣು ಮುಚ್ಚಿ ಕೂತ ಮಗುವಿಗೆ ಕತೆ ತಲೆಗೆ ಹತ್ತಲ್ಲ.

ಒಂದೇ ಸಲ ಕೂರಿಸಬೇಡಿ. ಗ್ರ್ಯಾಂಜರ್‌ಫರ್ಡ್ ಭಾಗ ಮುಗಿದು ಹಕ್ ಮತ್ತೆ ತೆಪ್ಪ ಹತ್ತಿದ ಕೂಡ್ಲೇ ನಿಲ್ಲಿಸಿ, ಉಳಿದದ್ದು ಮಾರನೇ ದಿನ. ಆಮೇಲೆ ಬರೋ ರಾಜ-ಡ್ಯೂಕ್ ಅನ್ನೋ ಇಬ್ಬರು ಮೋಸಗಾರರ ವೇಷ ಮಕ್ಕಳನ್ನ ಎಷ್ಟು ನಗಿಸುತ್ತೆ ಅಂದ್ರೆ, ಒಂದೇ ಓಟದಲ್ಲಿ ನೋಡಿದವರಿಗೆ ಚಾಟಿಯೇಟಿನ ದೃಶ್ಯ ಮರೆತೇ ಹೋಗಿರುತ್ತೆ. ಸಬ್‌ಟೈಟಲ್ ಹಾಕಿಕೊಳ್ಳಿ, ಅಮೆರಿಕದ ದಕ್ಷಿಣ ಭಾಗದ ಉಚ್ಚಾರಣೆ ನಮ್ಮ ಕಿವಿಗೆ ಬೇಗ ಹತ್ತಲ್ಲ.

ಧಾರವಾಡ, ಹೈಸ್ಕೂಲ್ ಇಂಗ್ಲಿಷ್ ಮಾಸ್ತರ್

ಅಕ್ಕಾರ, ಗುಲಾಮಗಿರಿ ಬಗ್ಗೆ ಭಾಷಣ ಬ್ಯಾಡ್ರಿ. ಹತ್ತು ನಿಮಿಷ ಸಾಕು, ಆದ್ರ ಆ ಹತ್ತು ನಿಮಿಷ ಬಿಡಬ್ಯಾಡ್ರಿ. ಬರೇ ‘ಜೀತದಾಳು ಇದ್ದಂಗ’ ಅಂತ ಹೇಳಿ ಮುಗಿಸಿದ್ರ ಹುಡುಗರು ಜಿಮ್‌ನ ಪರಿಸ್ಥಿತಿ ಹಿಡಿಯಂಗಿಲ್ಲ. ಜೀತಕ್ಕ ಸಾಲದ ಲೆಕ್ಕಾನರ ಇರ್ತದ, ಸುಳ್ಳು ಲೆಕ್ಕಾದ್ರೂ. ಕತಿ ಶುರುವಾಗೋ ಮಿಸೌರಿ ರಾಜ್ಯದೊಳಗ ಗುಲಾಮ ಅಂದ್ರ ಕಾನೂನಿನ ಪ್ರಕಾರ ಯಜಮಾನನ ಆಸ್ತಿ. ತಾಯಿ ಗುಲಾಮಳಾಗಿದ್ರ ಹುಟ್ಟಿದ ಕೂಸೂ ಗುಲಾಮ. ಗಂಡನ್ನ ಒಬ್ಬಗ, ಹೆಂಡತೀನ ಇನ್ನೊಬ್ಬಗ, ಮಕ್ಕಳನ್ನ ಮತ್ತೊಬ್ಬಗ ಮಾರಬಹುದಿತ್ತು.

ಇದನ್ನ ಜಿಮ್‌ನ ಲೆಕ್ಕದಾಗೇ ತೋರಿಸ್ರಿ. ಕಾದಂಬರಿಯೊಳಗ ಯಜಮಾನಿ ಮಿಸ್ ವಾಟ್ಸನ್ 800 ಡಾಲರಿಗೆ ತನ್ನನ್ನ ನ್ಯೂ ಆರ್ಲಿಯನ್ಸಿಗೆ ಮಾರೋದು ಕಿವಿಗೆ ಬಿದ್ದ ಮ್ಯಾಲೆ ಜಿಮ್ ಓಡತಾನ. ಅವನ ಯೋಜನೆ 16ನೇ ಅಧ್ಯಾಯದಾಗ ಅದ: ಸ್ವತಂತ್ರ ರಾಜ್ಯ (ಗುಲಾಮಗಿರಿ ಇಲ್ಲದ ರಾಜ್ಯ) ಮುಟ್ಟಿ ದುಡಿಯೋದು, ಒಂದು ಸೆಂಟೂ ಖರ್ಚು ಮಾಡದ ಕೂಡಿಸಿ ಹೆಂಡತೀನ ಕೊಂಡುಕೊಳ್ಳೋದು, ಆಮ್ಯಾಲೆ ಇಬ್ಬರೂ ದುಡಿದು ಎರಡು ಮಕ್ಕಳನ್ನ ಕೊಂಡುಕೊಳ್ಳೋದು. ತನ್ನ ಮಕ್ಕಳನ್ನ ತಾನೇ ರೊಕ್ಕ ಕೊಟ್ಟು ಕೊಳ್ಳೋದು! ಏಳನೇತ್ತಾ ಹುಡುಗ ಇಷ್ಟು ಕೇಳಿದ್ರ ಸುಮ್ಮನ ಕೂತು ನೋಡ್ತಾನ.

ಕಾಲಾನೂ ಹೇಳ್ರಿ. ಕತಿ ನಡಿಯೋದು ಸುಮಾರು 1835–45ರೊಳಗ. ಅಮೆರಿಕದಾಗ ಗುಲಾಮಗಿರಿ ಪೂರಾ ರದ್ದಾಗಿದ್ದು 1865ರಾಗ, ಅಲ್ಲಿನ ಸಂವಿಧಾನದ 13ನೇ ತಿದ್ದುಪಡಿಯಿಂದ. ಪುಸ್ತಕ ಬಂದಿದ್ದು ಇಂಗ್ಲೆಂಡಿನಾಗ 1884, ಅಮೆರಿಕದಾಗ 1885. ಅಂದ್ರ ಟ್ವೇನ್ ಬರೆಯೋ ಹೊತ್ತಿಗೆ ಆ ಕಾನೂನು ಹೋಗಿತ್ತು, ಮನಸ್ಸು ಹೋಗಿರ್ಲಿಲ್ಲ. ಪ್ರಾಜೆಕ್ಟಿನಾಗ ಈ ಎರಡು ಕಾಲ ಕಲಸಿಬಿಡೋದು ಭಾಳ ಸಾಮಾನ್ಯ ತಪ್ಪು.

ಸೇಂಟ್ ಲೂಯಿಸ್‌ನಿಂದ

ನದಿಯ ಮ್ಯಾಪ್ ಇಲ್ಲದೆ ಈ ಸಿನಿಮಾ ತೋರಿಸಬೇಡಿ. ಎ4 ಹಾಳೆಯಲ್ಲಿ ಮೇಲಿಂದ ಕೆಳಕ್ಕೆ ಮಿಸಿಸಿಪ್ಪಿ ಎಳೆದು ಮೂರು ಚುಕ್ಕಿ ಇಟ್ಟರೆ ಸಾಕು. ಮೇಲೆ ಹ್ಯಾನಿಬಲ್ (ಕತೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅನ್ನೋ ಹೆಸರು), ನಡುವೆ ಸೇಂಟ್ ಲೂಯಿಸ್, ಕೆಳಗೆ ಒಹಾಯೊ ನದಿ ಬಂದು ಸೇರುವ ಕೈರೋ. ಎಡಕ್ಕೆ ಮಿಸೌರಿ, ಅಲ್ಲಿ ಗುಲಾಮಗಿರಿ ಕಾನೂನುಬದ್ಧ. ಬಲಕ್ಕೆ ಇಲಿನಾಯ್, ಹೆಸರಿಗೆ ಸ್ವತಂತ್ರ ರಾಜ್ಯ.

ದೂರದ ಲೆಕ್ಕವನ್ನು ಮಗನ ಕೈಯಲ್ಲೇ ಮಾಡಿಸಿ. ನದಿಯ ಮೈಲಿಗಲ್ಲುಗಳನ್ನು ಎಣಿಸೋದು ಕೈರೋದಿಂದ ಮೇಲಕ್ಕೆ: ಕೈರೋ 0, ಸೇಂಟ್ ಲೂಯಿಸ್ 180, ಹ್ಯಾನಿಬಲ್ 309. ಪ್ರವಾಹ ಗಂಟೆಗೆ ನಾಲ್ಕು ಮೈಲಿಗಿಂತ ಸ್ವಲ್ಪ ಜಾಸ್ತಿ, ರಾತ್ರಿಗೆ ಏಳೆಂಟು ಗಂಟೆ ಪಯಣ ಅಂತ ಹಕ್ 12ನೇ ಅಧ್ಯಾಯದಲ್ಲಿ ಹೇಳ್ತಾನೆ. ಅಂದ್ರೆ ರಾತ್ರಿಗೆ ಸುಮಾರು 30 ಮೈಲಿ. 309ರಲ್ಲಿ 180 ಕಳೆದ್ರೆ 129. ಹಾಗಾದ್ರೆ ಐದನೇ ರಾತ್ರಿ ಸೇಂಟ್ ಲೂಯಿಸ್ ಸಿಗಬೇಕು. ಕಾದಂಬರಿಯಲ್ಲೂ ಐದನೇ ರಾತ್ರಿಯೇ ಸಿಗುತ್ತೆ! ಟ್ವೇನ್ ಉಗಿಹಡಗಿನ ಪೈಲಟ್ ಆಗಿದ್ದವನು, ನದಿಯ ವಿಷಯದಲ್ಲಿ ಸುಮ್ಮನೆ ಅಂದಾಜು ಹೊಡೆಯಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಪ್ ಬರೆದಿದ್ದೇ ತಡ, ಮಗ ಕೇಳ್ತಿದ್ದಾನೆ: ಸ್ವತಂತ್ರ ರಾಜ್ಯ ಎದುರು ದಡದಲ್ಲೇ ಇದ್ರೆ ಈಜಿಕೊಂಡು ಹೋಗೋದು ಬಿಟ್ಟು ದಕ್ಷಿಣಕ್ಕೆ ಯಾಕೆ ಹೋದ್ರು? ಅಲ್ಲಿ ಇನ್ನೂ ಜಾಸ್ತಿ ಗುಲಾಮಗಿರಿ ಅಲ್ವಾ?

ಸೇಂಟ್ ಲೂಯಿಸ್‌ನಿಂದ

ಸರಿಯಾಗೇ ಹಿಡಿದಿದ್ದಾನೆ. ಸಿನಿಮಾ ಈ ಪ್ರಶ್ನೆಗೆ ಹೆಚ್ಚು ಹೊತ್ತು ನಿಲ್ಲಲ್ಲ, ಹಾಗಾಗಿ ನೀವೇ ಹೇಳಬೇಕು.

ಇಲಿನಾಯ್ ದಡ ಮುಟ್ಟಿದ ಮಾತ್ರಕ್ಕೆ ಬಚಾವ್ ಅಲ್ಲ. 1793ರ ಫೆಡರಲ್ ಕಾನೂನಿನ ಪ್ರಕಾರ ಯಜಮಾನ ಸ್ವತಂತ್ರ ರಾಜ್ಯಕ್ಕೂ ಬಂದು ಓಡಿಹೋದವರನ್ನು ಹಿಡಿದು ವಾಪಸ್ ಒಯ್ಯಬಹುದಿತ್ತು. ಜೊತೆಗೆ ಇಲಿನಾಯ್‌ನಲ್ಲಿ ಕಪ್ಪು ಜನರ ಹತ್ತಿರ ‘ಸ್ವತಂತ್ರ’ ಎಂಬ ಪ್ರಮಾಣಪತ್ರ ಇರಲೇಬೇಕು ಅಂತ 1819ರಿಂದ ಕಾನೂನಿತ್ತು. ಕಾಗದ ಇಲ್ಲದ ಜಿಮ್ ಅಲ್ಲಿ ಹಗಲು ಹೊತ್ತು ರಸ್ತೆಗಿಳಿದ್ರೆ ಕತೆ ಮುಗೀತು. ಕಾದಂಬರಿಯಲ್ಲಿ ಅವನ ತಲೆಗೆ 300 ಡಾಲರ್ ಬಹುಮಾನ ಬೇರೆ.

ಹಾಗಾಗಿ ಅವರ ಯೋಜನೆ ಇದು: ಕೈರೋ ತನಕ ತೆಪ್ಪ, ಅಲ್ಲಿ ತೆಪ್ಪ ಮಾರಿ ಉಗಿಹಡಗು ಹತ್ತಿ ಒಹಾಯೊ ನದಿಯಲ್ಲಿ ಮೇಲಕ್ಕೆ, ಒಳನಾಡಿನ ಸ್ವತಂತ್ರ ರಾಜ್ಯಗಳಿಗೆ. ಕೆಟ್ಟಿದ್ದು ಮಂಜಿನಿಂದ. ದಟ್ಟ ಮಂಜಲ್ಲಿ ಕೈರೋ ದಾಟಿಹೋಗುತ್ತೆ. ಅದು ಗೊತ್ತಾಗೋದು ಹೇಗೆ ಅನ್ನೋದು ನೋಡಿ: ಬೆಳಗಾದಾಗ ದಡದ ಕಡೆ ಒಹಾಯೊದ ತಿಳಿನೀರು, ಆಚೆ ಎಂದಿನ ಕೆಸರು ಮಿಸಿಸಿಪ್ಪಿ, ಎರಡೂ ಪಕ್ಕಪಕ್ಕದಲ್ಲಿ ಹರೀತಿರುತ್ತೆ. ತಿಳಿನೀರು ಕಂಡಿತು ಅಂದ್ರೆ ಸಂಗಮ ಹಿಂದೆ ಬಿತ್ತು ಅಂತ.

ಹಿಂದಕ್ಕೆ ಯಾಕೆ ಹೋಗಲ್ಲ? ತೆಪ್ಪ ಪ್ರವಾಹದ ಎದುರು ಹೋಗಲ್ಲ. ಮೇಲಕ್ಕೆ ಹೋಗೋದಕ್ಕೆ ಸಣ್ಣ ದೋಣಿ ಬೇಕು, ಅದೂ ಅದೇ ಹೊತ್ತಿಗೆ ಕಳೆದುಹೋಗುತ್ತೆ. ಆಮೇಲೆ ರಾಜ-ಡ್ಯೂಕ್ ಬಂದು ತೆಪ್ಪವನ್ನೇ ವಶಪಡಿಸಿಕೊಳ್ತಾರೆ, ದಾರಿ ಅವರ ಕೈಗೆ. ದಕ್ಷಿಣಕ್ಕೆ ಹೋಗೋದು ಹುಡುಗನ ಸಾಹಸದ ಆಸೆಯಿಂದಲ್ಲ ಅನ್ನೋದು ಇಷ್ಟು ಹೇಳಿದ ಮೇಲೇ ಮಕ್ಕಳಿಗೆ ಗೊತ್ತಾಗೋದು.

ಇನ್ನೊಂದು. ಸಿನಿಮಾ ಚಿತ್ರೀಕರಣ ನಡೆದಿದ್ದು ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್‌ನಲ್ಲಿ. ‘ಫೋರ್ಕ್ಸ್ ಆಫ್ ದಿ ರೋಡ್’ ಅನ್ನೋ ದೊಡ್ಡ ಗುಲಾಮರ ಸಂತೆ ಇದ್ದದ್ದು ಅದೇ ಊರಲ್ಲಿ. ಪರದೆ ಮೇಲೆ ಕಾಣೋ ಚೆಂದದ ದೊಡ್ಡ ಬಂಗಲೆಗಳ ದುಡ್ಡು ಎಲ್ಲಿಂದ ಬಂತು ಅಂತ ಮಗನಿಗೆ ಕೇಳಿ.

ಶಿವಮೊಗ್ಗ, ಗ್ರಂಥಪಾಲಕಿ

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಲ್ಲ, ಸಿನಿಮಾ ನೋಡಿದರೆ ಕಾದಂಬರಿ ಗೊತ್ತಾದ ಹಾಗಲ್ಲ. ಪ್ರಾಜೆಕ್ಟಿನಲ್ಲಿ ಸಿಕ್ಕಿಬೀಳುವುದು ಕೊನೆಯ ಭಾಗದಲ್ಲಿ.

ಸಿನಿಮಾದಲ್ಲಿ ಟಾಮ್ ಸಾಯರ್ ಇಲ್ಲವೇ ಇಲ್ಲ. ಓಡುವಾಗ ಗುಂಡು ತಗಲುವುದು ಹಕ್‌ಗೆ, ಜಿಮ್ ತಪ್ಪಿಸಿಕೊಳ್ಳುವ ಅವಕಾಶ ಬಿಟ್ಟು ಅವನನ್ನು ಹೊತ್ತು ತರುತ್ತಾನೆ. ಕಾದಂಬರಿಯಲ್ಲಿ 32ನೇ ಅಧ್ಯಾಯದಿಂದ ಕೊನೆಯ 43ರವರೆಗೆ ಫೆಲ್ಪ್ಸ್ ಎಂಬವರ ತೋಟದ ಪ್ರಸಂಗ. ಜಿಮ್‌ನನ್ನು ಗುಡಿಸಲಲ್ಲಿ ಕೂಡಿಹಾಕಿದ್ದಾರೆ, ಟಾಮ್ ಬಂದು ‘ಪುಸ್ತಕದಲ್ಲಿರುವ ಹಾಗೆ’ ಬಿಡಿಸಬೇಕೆಂದು ವಾರಗಟ್ಟಲೆ ಆಟ ಆಡುತ್ತಾನೆ. ಗುಂಡು ತಗಲುವುದು ಟಾಮ್‌ನ ಮೀನಖಂಡಕ್ಕೆ. ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ತೀರಿಕೊಂಡು ಉಯಿಲಿನಲ್ಲಿ ಜಿಮ್‌ನನ್ನು ಬಿಡುಗಡೆ ಮಾಡಿದ್ದಳು, ಅದು ಟಾಮ್‌ಗೆ ಮೊದಲೇ ಗೊತ್ತಿತ್ತು! ಓದುಗರಿಗೆ ಇವತ್ತಿಗೂ ಸಿಟ್ಟು ಬರಿಸುವ ಭಾಗ ಇದು. ಸಿನಿಮಾದವರು ಇದನ್ನು ಕತ್ತರಿಸಿ ಉಯಿಲನ್ನು ಮಾತ್ರ ಉಳಿಸಿಕೊಂಡರು. ಸಿನಿಮಾಕ್ಕೆ ಅದರಿಂದ ಲಾಭವೇ ಆಯಿತು. ಆದರೆ ಸ್ವತಂತ್ರನಾದ ಮನುಷ್ಯನನ್ನು ಆಟಕ್ಕಾಗಿ ಕಟ್ಟಿಹಾಕುವ ಆ ಕಹಿ ಕಾದಂಬರಿಗೆ ಬೇಕಿತ್ತು.

ಮಗ ಪುಸ್ತಕದಲ್ಲಿ 40 ಡಾಲರ್ ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಳ್ಳಲಿ. ಗುಲಾಮರನ್ನು ಹುಡುಕುವವರು ತೆಪ್ಪದಲ್ಲಿ ಸಿಡುಬಿದೆ ಅಂದುಕೊಂಡು ಹತ್ತಿರ ಬರದೆ, ಹಲಗೆ ಮೇಲೆ 20ರ ಎರಡು ಚಿನ್ನದ ನಾಣ್ಯ ಇಟ್ಟು ತೇಲಿಬಿಡುತ್ತಾರೆ. ರಾಜ ಜಿಮ್‌ನನ್ನು ಮಾರುವುದು 40ಕ್ಕೆ. ಕೊನೆಗೆ ಟಾಮ್ ಜಿಮ್ ಕೈಗೆ ಕೊಡುವುದೂ 40. ಇದೊಂದರ ಮೇಲೇ ಒಂದು ಪುಟ ಬರೆಯಬಹುದು. ಇಂಟರ್ನೆಟ್ ಸಾರಾಂಶ ನಕಲು ಮಾಡಿಲ್ಲ ಅನ್ನುವುದು ಮೇಷ್ಟ್ರಿಗೂ ತಿಳಿಯುತ್ತದೆ.

ಓದಿಸುವ ಮೊದಲು ಒಂದು ಎಚ್ಚರಿಕೆ. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಬೈಗುಳ ಕಾದಂಬರಿಯಲ್ಲಿ 200ಕ್ಕೂ ಹೆಚ್ಚು ಸಲ ಬರುತ್ತದೆ, ಸಿನಿಮಾದಲ್ಲಿ ಇಲ್ಲ. ಸಿನಿಮಾ ನೋಡಿ ನೇರ ಪುಸ್ತಕ ಬಿಚ್ಚಿದ ಮಗು ಬೆಚ್ಚುತ್ತದೆ, ಇಲ್ಲವೇ ಆ ಪದವನ್ನು ಮಾಮೂಲಿ ಅಂದುಕೊಂಡು ಬಾಯಲ್ಲಿ ಆಡಲು ಶುರುಮಾಡುತ್ತದೆ. ಎರಡನೆಯದು ಹೆಚ್ಚು ಅಪಾಯ. ಟ್ವೇನ್ ಅದನ್ನು ಯಾರ ಬಾಯಲ್ಲಿ ಯಾಕೆ ಇಟ್ಟಿದ್ದಾನೆ ಅಂತ ವಿವರಿಸಿ. ಗಟ್ಟಿಯಾಗಿ ಓದುವಾಗ ಆ ಜಾಗದಲ್ಲಿ ‘ಗುಲಾಮ’ ಅನ್ನುವುದು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. 2011ರಲ್ಲಿ ಹಾಗೆ ಪದ ಬದಲಿಸಿದ ಒಂದು ಆವೃತ್ತಿಯೇ ಅಮೆರಿಕದಲ್ಲಿ ಬಂತು, ಅದರ ಮೇಲೆ ದೊಡ್ಡ ಚರ್ಚೆಯೂ ಆಯಿತು. ಪ್ರಾಜೆಕ್ಟಿಗೆ ಮೂಲ ಪಠ್ಯವೇ ಇರಲಿ.

ಶಿರಸಿಯಿಂದ

‘ಇದೆಲ್ಲ ಅಮೆರಿಕದ ವಿಷಯ’ ಅಂತ ಮಕ್ಕಳು ಕೈತೊಳೆದುಕೊಳ್ಳಬಾರದು ಅಂತಿದ್ರೆ, ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಬಗ್ಗೆ ಹೇಳಿ. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಸಿದ್ದಿಗಳಿಗೆ ಇಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ‘ಪಾಪ’ ಅನ್ನೋ ದನಿಯಲ್ಲಿ ಹೇಳಬೇಡಿ. ನಮ್ಮ ಜೊತೆ ಕನ್ನಡ, ಕೊಂಕಣಿ ಮಾತಾಡಿಕೊಂಡು ಇರೋ ಜನ ಅವರು.

ಧಾರವಾಡ, ಹೈಸ್ಕೂಲ್ ಇಂಗ್ಲಿಷ್ ಮಾಸ್ತರ್

ಪ್ರಾಜೆಕ್ಟಿಗೆ ಮಾಡೆಲ್ ಮಾಡೋದಿದ್ರ ತೆಪ್ಪಾನ ಮಾಡಸ್ರಿ. ಅಳತಿ ಪುಸ್ತಕದಾಗೇ ಅದಾವ: ಅಗಲ 12 ಅಡಿ, ಉದ್ದ 15–16 ಅಡಿ, ನೀರಿನ ಮ್ಯಾಲೆ 6–7 ಇಂಚು. ಅಡಿಗೆ ಒಂದು ಇಂಚು ಲೆಕ್ಕ ಹಿಡಿದ್ರ 12 ಇಂಚು ಅಗಲ, 16 ಇಂಚು ಉದ್ದ, ನೀರಿನ ಮ್ಯಾಲೆ ಬರೇ ಅರ್ಧ ಇಂಚು. ನಡುವ ಒಂದು ಗುಡಿಸಲು, ಅದರ ನೆಲ ತೆಪ್ಪಕ್ಕಿಂತ ಒಂದು ಅಡಿ ಎತ್ತರ, ಅಂದ್ರ ಮಾಡೆಲಿನಾಗ ಒಂದು ಇಂಚು. ಉಗಿಹಡಗಿನ ತೆರಿ ಹೊದಿಕಿ ತೋಯಿಸಬಾರದು ಅಂತ ಅಷ್ಟು ಎತ್ತರ. ಗುಡಿಸಲೊಳಗ ಚೌಕಟ್ಟು ಹಾಕಿ 5–6 ಇಂಚು ಮಣ್ಣು, ಬೆಂಕಿ ಹಾಕಾಕ; ಮಾಡೆಲಿಗೆ ಅರ್ಧ ಇಂಚು ಸಾಕು. ತೆಪ್ಪ ನಡಸಾಕ ಒಂದು ಹೆಚ್ಚಿನ ಹುಟ್ಟು. ಲಾಟೀನು ತೂಗಹಾಕಾಕ ಒಂದು ಕವಲುಕೋಲು, ಹಿಂದಿಂದ ಬರೋ ಉಗಿಹಡಗು ಮ್ಯಾಲೆ ಹರೀಬಾರದು ಅಂತ. ಹುಡುಗರು ಚಂದ ಕಾಣ್ಲಿ ಅಂತ ಹಾಯಿ ಕಟ್ಟಿಬಿಡ್ತಾರ. ಹಾಯಿ ಇಲ್ರಿ ಅದಕ್ಕ. ಹಾಯಿ ಇದ್ದಿದ್ರ ಕೈರೋಕ್ಕ ವಾಪಸ್ ಹೋಗೋ ಪ್ರಯತ್ನಾನರ ಮಾಡ್ತಿದ್ರು!

ಇಡೀ ಪುಸ್ತಕ ಒಮ್ಮೆಲೇ ಆಗಂಗಿಲ್ಲ ಅಂದ್ರ ಸಿನಿಮಾ ಆದ ಮ್ಯಾಲೆ ಈ ಅಧ್ಯಾಯ ಮೊದಲು ಓದಸ್ರಿ: 8, 12, 15, 16, 23, 31. ಹದಿನೈದರಾಗ ಮಂಜಿನ ರಾತ್ರಿ, ಹಕ್ ಜಿಮ್‌ಗೆ ಸುಳ್ಳು ಹೇಳಿ ಆಟ ಆಡಸ್ತಾನ. ಆಮ್ಯಾಲೆ ತಪ್ಪಾತು ಅನ್ನಾಕ ಅವಗ ಹದಿನೈದು ನಿಮಿಷ ಹಿಡೀತದ. ಇಪ್ಪತ್ಮೂರರ ಕೊನಿಗೆ ಜಿಮ್ ತನ್ನ ಮಗಳು ಎಲಿಜಬೆತ್ ಬಗ್ಗೆ ಹೇಳ್ತಾನ: ಬಾಗಿಲಾ ಹಾಕು ಅಂದ್ರ ಕೇಳಲಿಲ್ಲ ಅಂತ ಹೊಡೀತಾನ, ಆಮ್ಯಾಲೆ ಗೊತ್ತಾಗ್ತದ, ಜ್ವರದಿಂದ ಆಕಿ ಕಿವಿ ಹೋಗಿತ್ತು. ಚಿಕ್ಕಾಕಿಗೆ ಇದನ್ನ ನೀವ ಓದಿ ಹೇಳ್ರಿ. ಜಿಮ್‌ನ ಇಂಗ್ಲಿಷು ಕಣ್ಣಿಗೆ ತೊಡಕು, ಬಾಯಿಬಿಟ್ಟು ಓದಿದ್ರ ತಾನ ಬಿಡಿಸಿಕೊಳ್ತದ. ‘ಗ್ವೈನ್’ ಅಂದ್ರ ಗೋಯಿಂಗ್, ‘ಡಟ್’ ಅಂದ್ರ ದಟ್, ‘ಎನ್’ ಅಂದ್ರ ಅಂಡ್. ಈ ಮೂರು ಗೊತ್ತಿದ್ರ ಮೊದಲನೇ ಪುಟ ದಾಟಬಹುದು.