ಏಸಿ ಮೆಕ್ಯಾನಿಕ್ ತರಬೇತಿ: ಐಟಿಐ ಸೇರುವುದೋ, ಅಂಗಡಿಯಲ್ಲೇ ಕಲಿಯುವುದೋ?

ಪ್ರಶ್ನೆ (ಡೊಂಬಿವಲಿ): ಹತ್ತನೆಯ ತರಗತಿ ಮುಗಿಸಿರುವ ನನ್ನ ತಮ್ಮ ಏಸಿ, ಫ್ರಿಜ್ ದುರಸ್ತಿಯ ಕೆಲಸ ಕಲಿಯಬೇಕೆಂದಿದ್ದಾನೆ. ಐಟಿಐ ಸೇರಬೇಕೇ, ಅಥವಾ ಪರಿಚಯದವರ ಅಂಗಡಿಯಲ್ಲಿ ಸಹಾಯಕನಾಗಿ ಕಲಿತರೆ ಸಾಕೇ?

ಉತ್ತರ (ಠಾಣೆ): ದಯವಿಟ್ಟು ಐಟಿಐಗೇ ಸೇರಿಸಿ. 2 ವರ್ಷದ ಈ ತರಬೇತಿಯಲ್ಲಿ ತಾಮ್ರದ ಕೊಳವೆಗೆ ಬೆಸುಗೆ ಹಾಕುವುದರ ಜೊತೆಗೆ ವಿದ್ಯುತ್ ಸರ್ಕಿಟ್ ಓದುವುದನ್ನೂ ಕಲಿಸುತ್ತಾರೆ. ಈಗಿನ ಅನೇಕ ಏಸಿಗಳಲ್ಲಿರುವ ಆರ್-32 ಅನಿಲ ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಸೋರಿಕೆಯನ್ನು ಸರಿಪಡಿಸದೆ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯ ಗಾಳಿಯನ್ನೂ ತೇವವನ್ನೂ ತೆಗೆಯದೆ ಗ್ಯಾಸ್ ತುಂಬುವ ರೂಢಿ, ನಾನು ಕೆಲವು ಅಂಗಡಿಗಳಲ್ಲಿ ಕಂಡು ನೊಂದದ್ದು, ನಿಜಕ್ಕೂ ಅಪಾಯಕಾರಿ.

ಉತ್ತರ (ಪುಣೆ): ಒಪ್ಪುತ್ತೇನೆ. ಆದರೆ ಮುಂಬೈಯ ಉಪ್ಪುಗಾಳಿ ಹೊರಘಟಕದ ಕಾಯಿಲನ್ನು ಹೇಗೆ ತಿನ್ನುತ್ತದೆಂಬುದು ಕೈಯಾರೆ ದುಡಿದಾಗಲೇ ತಿಳಿಯುವುದರಿಂದ, ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಿಯೂ ದುಡಿಯಲಿ. ಸುರಕ್ಷಾ ಬೆಲ್ಟ್ ಇಲ್ಲದೆ ಕಿಟಕಿಯಾಚೆ ಇಳಿಯಬಾರದೆಂದು ಈಗಲೇ ಹೇಳಿಡಿ.